ಸೌತ್‌ಪೋರ್ಟಿನ ಲಾನ್‌ಮೋವರ್ ಮ್ಯೂಸಿಯಂ: ಎಂಜಿನ್ ಆಮೇಲೆ ನೋಡಿ, ಮೊದಲು ಚೈನ್ ನೋಡಿ

ಹುಲ್ಲು ಕತ್ತರಿಸುವ ಮಷಿನ್‌ಗೂ ಒಂದು ಮ್ಯೂಸಿಯಂ ಇದೆ ಅಂದರೆ ನಮ್ಮ ಗುಂಪಿನಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಲಂಕಾಶೈರ್ ಕಡೆ ಇರುವ ಕನ್ನಡಿಗರು ಇಲ್ಲಿಗೆ ಒಮ್ಮೆ ಹೋಗಬೇಕು. ಮಗ ಸೊಸೆಯನ್ನು ನೋಡಲು ಊರಿನಿಂದ ಬಂದು, ಮ್ಯಾಂಚೆಸ್ಟರಿನಲ್ಲೋ ಲಿವರ್‌ಪೂಲಿನಲ್ಲೋ ಕಿಟಕಿ ಪಕ್ಕ ಕೂತು ಮಳೆ ನೋಡಿ ಬೇಜಾರಾದ ಅಪ್ಪಂದಿರಂತೂ ಹೋಗಲೇಬೇಕು. ಅದರಲ್ಲೂ ಒಂದು ಕಾಲದಲ್ಲಿ ಪಂಪ್‌ಸೆಟ್, ಬುಲೆಟ್, ಲಾರಿ ಅಂತ ಕೈಗೆ ಗ್ರೀಸ್ ಮಾಡಿಕೊಂಡವರಿಗೆ ಇದು ಅರ್ಧ ದಿನದ ಹಬ್ಬ.

ಹೆಸರು ಬ್ರಿಟಿಷ್ ಲಾನ್‌ಮೋವರ್ ಮ್ಯೂಸಿಯಂ. ಊರು ಸೌತ್‌ಪೋರ್ಟ್, ಬೀದಿ ಶೇಕ್ಸ್‌ಪಿಯರ್ ಸ್ಟ್ರೀಟ್. ಮ್ಯೂಸಿಯಂ ಅಂದ ಕೂಡಲೇ ಕಲ್ಲಿನ ಕಂಬ, ದೊಡ್ಡ ಮೆಟ್ಟಿಲು, ಯೂನಿಫಾರ್ಮ್ ಹಾಕಿದ ಕಾವಲುಗಾರ ಅಂತೆಲ್ಲ ಅಂದುಕೊಳ್ಳಬೇಡಿ. ಇದು ಒಂದು ಅಂಗಡಿ. ಕೆಳಗೆ ಹುಲ್ಲಿನ ಮಷಿನ್ ರಿಪೇರಿ, ಬಿಡಿಭಾಗ, ಬೀಗ ಕೀಲಿ ವ್ಯಾಪಾರ. ಮೇಲೆ ಮ್ಯೂಸಿಯಂ. ತಲೆತಲಾಂತರದಿಂದ ಇದೇ ಕೆಲಸ ಮಾಡಿಕೊಂಡು ಬಂದ ಮನೆತನದ ಬ್ರಿಯಾನ್ ರಾಡಮ್ ಅನ್ನುವವರು ಇದನ್ನು ಕಟ್ಟಿದ್ದು. ಅವರು ಲಾನ್‌ಮೋವರ್ ರೇಸಿನಲ್ಲಿ ಚಾಂಪಿಯನ್ ಕೂಡ ಆಗಿದ್ದವರು. ಹೌದು, ಆ ಮಷಿನ್ ಮೇಲೆ ಕೂತು ರೇಸ್ ಓಡಿಸುತ್ತಾರೆ, 1973ರಿಂದ ಈ ದೇಶದಲ್ಲಿ ಅದಕ್ಕೊಂದು ಸಂಘವೂ ಇದೆ. ಇಂಗ್ಲಿಷರ ಕಥೆ ಕೇಳಲೇಬೇಡಿ.

ಜಾಗ ಚಿಕ್ಕದು. ಮಷಿನ್‌ಗಳು ಜಾಸ್ತಿ. ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದ್ದಾರೆ. ಕಿವಿಗೆ ಕೇಳಿಸುವ ವಿವರಣೆ ಇದೆ, ಓದಲಿಕ್ಕೂ ಬೇಕಾದಷ್ಟಿದೆ. ಆದರೆ ಏನು ನೋಡಬೇಕು ಅಂತ ಗೊತ್ತಿಲ್ಲದೆ ಹೋದರೆ ಹತ್ತು ನಿಮಿಷಕ್ಕೆ ಎಲ್ಲ ಮಷಿನ್ ಒಂದೇ ತರಹ ಕಾಣಲು ಶುರುವಾಗುತ್ತದೆ. ಹಸಿರು ಬಣ್ಣ, ಕಪ್ಪು ಹಿಡಿ, ಮುಂದೆ ಒಂದು ಡಬ್ಬಿ. ಮುಗೀತು. ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ತಳ್ಳುವ ಮಷಿನ್ ಅರ್ಥ ಮಾಡಿಕೊಳ್ಳಿ. ಎರಡು ಚಕ್ರ. ನಡುವೆ ಐದಾರು ಬ್ಲೇಡ್‌ಗಳನ್ನು ತಿರುಚಿ ಜೋಡಿಸಿದ ಒಂದು ಉರುಳೆ. ಅದರ ಕೆಳಗೆ ಅಲ್ಲಾಡದ ಒಂದು ಚಪ್ಪಟೆ ಬ್ಲೇಡ್. ನೀವು ತಳ್ಳಿದಾಗ ಚಕ್ರ ತಿರುಗುತ್ತದೆ, ಚಕ್ರದೊಳಗಿನ ಹಲ್ಲು ಚಿಕ್ಕ ಗೇರನ್ನು ತಿರುಗಿಸುತ್ತದೆ, ಉರುಳೆ ಚಕ್ರಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಸುತ್ತುತ್ತದೆ. ಮೇಲಿನ ಬ್ಲೇಡ್ ಕೆಳಗಿನ ಬ್ಲೇಡಿಗೆ ಸವರಿಕೊಂಡು ಹೋಗುವಾಗ ಹುಲ್ಲು ಎರಡರ ನಡುವೆ ಸಿಕ್ಕಿ ಕತ್ತರಿಯಲ್ಲಿ ಸಿಕ್ಕಂತೆ ತುಂಡಾಗುತ್ತದೆ. ಹಿಂದಕ್ಕೆ ಎಳೆದರೆ ಉರುಳೆ ತಿರುಗೋದಿಲ್ಲ, ಒಳಗೆ ಟಿಕ್ ಟಿಕ್ ಅನ್ನುತ್ತದೆ, ಅಷ್ಟೇ.

ನಮ್ಮ ಮನೆಯಲ್ಲಿ ಇಂಥದ್ದೇ ಒಂದು ಇದೆ, ಯಾರೋ ಬೇಡ ಅಂತ ಕೊಟ್ಟದ್ದು. ಅದನ್ನು ಸರಿ ಮಾಡುವುದರಲ್ಲಿ ಒಂದು ಮಜಾ ಇದೆ. ಎರಡೂ ತುದಿಯಲ್ಲಿ ಸ್ಕ್ರೂ ಇರುತ್ತದೆ. ಅದನ್ನು ಚೂರು ಚೂರೇ ತಿರುಗಿಸಿ ಕೆಳಗಿನ ಬ್ಲೇಡನ್ನು ಉರುಳೆಯ ಹತ್ತಿರ ತರಬೇಕು. ಆಮೇಲೆ ನ್ಯೂಸ್‌ಪೇಪರಿನ ತುಂಡೊಂದನ್ನು ಕೆಳಗಿನ ಬ್ಲೇಡಿನ ಮೇಲೆ ಹಿಡಿದು, ಉರುಳೆಯನ್ನು ಬೆರಳು ಜೋಪಾನ ಮಾಡಿಕೊಂಡು ನಿಧಾನವಾಗಿ ಸುತ್ತಬೇಕು. ಕಾಗದ ಚಕ್ ಅಂತ ತುಂಡಾದರೆ ಸರಿಯಿದೆ. ಮಡಚಿಕೊಂಡು ಒಳಗೆ ಸಿಕ್ಕಿಹಾಕಿಕೊಂಡರೆ ಇನ್ನೂ ದೂರ ಇದೆ. ಕಿರ್ರ್ ಅಂತ ಉಜ್ಜಿದರೆ ಬಿಗಿ ಜಾಸ್ತಿಯಾಯಿತು, ಸಡಿಲಿಸಿ. ಎಡತುದಿಯಲ್ಲಿ ಕತ್ತರಿಸಿ ಬಲತುದಿಯಲ್ಲಿ ಕತ್ತರಿಸದಿದ್ದರೆ ಮತ್ತೆ ಮೊದಲಿನಿಂದ ಶುರು. ಸಂಜೆ ಹೊತ್ತು ಕಾಫಿ ಇಟ್ಟುಕೊಂಡು ಮಾಡುವ ಕೆಲಸ ಇದು, ಆತುರದಲ್ಲಿ ಆಗೋದಿಲ್ಲ.

ಈಗ ಇದಕ್ಕೆ ಎಂಜಿನ್ ಹಾಕಿ ನೋಡೋಣ. ಸುಲಭ ಅನಿಸುತ್ತದೆ, ಅಲ್ವಾ? ಮೇಲೆ ಒಂದು ಎಂಜಿನ್ ಕೂರಿಸಿದರೆ ಆಯಿತು. ಆದರೆ ತಳ್ಳುವ ಮನುಷ್ಯ ಒಂದೇ ಸಲಕ್ಕೆ ಎರಡು ಕೆಲಸ ಮಾಡುತ್ತಿರುತ್ತಾನೆ. ಮಷಿನನ್ನು ಮುಂದಕ್ಕೆ ಸಾಗಿಸುತ್ತಾನೆ, ಆ ಸಾಗುವುದರಿಂದಲೇ ಬ್ಲೇಡನ್ನು ತಿರುಗಿಸುತ್ತಾನೆ. ಅವನು ನಿಂತರೆ ಎಲ್ಲವೂ ನಿಲ್ಲುತ್ತದೆ. ಎಂಜಿನ್ ಹಾಗೆ ನಿಲ್ಲೋದಿಲ್ಲ, ಅದು ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ತಿರುವಿನಲ್ಲಿ ಅದನ್ನು ಬಿಡಿಸಬೇಕು, ಮತ್ತೆ ಹಿಡಿಸಬೇಕು. ಮೇಲಿಂದ ಅದರ ಭಾರ ಬೇರೆ, ಮೆತ್ತಗಿನ ಹುಲ್ಲಿನ ಮೇಲೆ. ಈ ತಲೆನೋವನ್ನು ಯಾರು ಯಾರು ಹೇಗೆ ಹೇಗೆ ಬಿಡಿಸಿದರು ಅನ್ನುವುದೇ ಆ ಮೇಲಿನ ಕೋಣೆಗಳಲ್ಲಿ ನೋಡಬೇಕಾದ ವಿಷಯ. ಎಂಜಿನ್ ಬಿಡಿ, ಎಂಜಿನ್ ಹೆಚ್ಚಾಗಿ ಬೇರೆ ಯಾರದ್ದೋ. ಬಗ್ಗಿ ಪಕ್ಕದ ಕವರ್ ಒಳಗೆ ಏನಿದೆ ನೋಡಿ.

ಶುರು ಮಾಡಿದ್ದು ಎಡ್ವಿನ್ ಬಿಯರ್ಡ್ ಬಡಿಂಗ್. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಹತ್ತಿರ ಥ್ರಪ್ ಅಂತ ಒಂದು ಊರು, ಸುತ್ತ ಎಲ್ಲ ಬಟ್ಟೆ ಗಿರಣಿ. ಬ್ರಿಟಿಷ್ ಸೈನಿಕರ ಕೆಂಪು ಕೋಟಿನ ಉಣ್ಣೆ ಬಟ್ಟೆಗೆ ಆ ಕಡೆ ಹೆಸರುವಾಸಿ. ನೇಯ್ದ ಬಟ್ಟೆಯ ಮೇಲೆ ಎದ್ದು ನಿಂತ ನೂಲಿನ ಜುಂಗನ್ನು ಸಮನಾಗಿ ಸವರಿ ತೆಗೆಯಲು ಗಿರಣಿಯಲ್ಲಿ ಒಂದು ಮಷಿನ್ ಇರುತ್ತಿತ್ತು, ತಿರುಚಿದ ಬ್ಲೇಡಿನ ಉರುಳೆ ಇರುವಂಥದ್ದು. ಬಟ್ಟೆಯ ಜುಂಗು ಕತ್ತರಿಸುವುದು ನೆಲದ ಹುಲ್ಲನ್ನು ಯಾಕೆ ಕತ್ತರಿಸಬಾರದು ಅಂತ ಅವನಿಗೆ ಹೊಳೆದದ್ದು. 1830ರಲ್ಲಿ ಪೇಟೆಂಟ್ ತೆಗೆದುಕೊಂಡ. ಜಾನ್ ಫೆರಾಬಿ ಅನ್ನುವ ಕಾರ್ಖಾನೆ ಯಜಮಾನ ದುಡ್ಡು ಹಾಕಿದ. ಅಲ್ಲಿಯವರೆಗೆ ಲಾನ್ ಅಂದರೆ ಒಂದೋ ಕುರಿ ಮೇಯಬೇಕು, ಇಲ್ಲ ಉದ್ದ ಹಿಡಿಯ ದೊಡ್ಡ ಕುಡುಗೋಲು ಬೀಸುವ ಆಳುಗಳು ಬೆಳಗಿನ ಜಾವ ಇಬ್ಬನಿ ಆರುವ ಮೊದಲು ಬರಬೇಕು. ಲಾರ್ಡ್ಸ್ ಕ್ರಿಕೆಟ್ ಮೈದಾನದಲ್ಲೂ ಹುಲ್ಲು ಮೇಯಲು ಕುರಿ ಬಿಡುತ್ತಿದ್ದರು.

ಬಡಿಂಗ್‌ನ ಮಷಿನ್ ಎರಕದ ಕಬ್ಬಿಣದ್ದು, 19 ಇಂಚು ಅಗಲ ಕತ್ತರಿಸುತ್ತಿತ್ತು. ಹಿಂದೆ ನೆಲದ ಮೇಲೆ ಉರುಳುವ ರೋಲರ್‌ನಿಂದ ಗೇರುಗಳ ಮೂಲಕ ಬ್ಲೇಡಿನ ಉರುಳೆಗೆ ಶಕ್ತಿ. ಭಾರ ಎಷ್ಟಿತ್ತೆಂದರೆ ಹಿಂದೆ ಒಬ್ಬ ತಳ್ಳಲು ಒಂದು ಹಿಡಿ, ಮುಂದೆ ಇನ್ನೊಬ್ಬ ಎಳೆಯಲು ಇನ್ನೊಂದು ಹಿಡಿ. ಇದನ್ನು ಓದುವಾಗ ನನಗೆ ನಗು ಬಂತು. ನಮ್ಮಲ್ಲಿ ಸರ್ಕಾರಿ ಬಂಗಲೆ, ಕ್ಲಬ್ಬು, ಪಾರ್ಕುಗಳಲ್ಲಿ ಒಬ್ಬ ಮಾಲಿ ಹಿಂದೆ ತಳ್ಳುತ್ತಾ, ಇನ್ನೊಬ್ಬ ಹಗ್ಗ ಹೆಗಲಿಗೆ ಹಾಕಿ ಮುಂದೆ ಎಳೆಯುವುದನ್ನು ಎಷ್ಟು ಸಲ ನೋಡಿಲ್ಲ! ನಾನು ಅದು ನಮ್ಮ ಜುಗಾಡ್ ಅಂತ ಅಂದುಕೊಂಡಿದ್ದೆ. ಮೊದಲ ದಿನದಿಂದಲೇ ಅದು ಹಾಗೇ ಇತ್ತು. ಬಡಿಂಗ್ ಮಾತ್ರ ತನ್ನ ಪೇಟೆಂಟಿನಲ್ಲಿ ಇದು ಹಳ್ಳಿ ಕಡೆಯ ಸಾಹುಕಾರರಿಗೆ ಮೋಜಿನ, ಆರೋಗ್ಯಕರ ವ್ಯಾಯಾಮ ಅಂತ ಬರೆದಿದ್ದಾನೆ. ಸಾಹುಕಾರರು ಎಷ್ಟು ಜನ ತಳ್ಳಿದರೋ ದೇವರೇ ಬಲ್ಲ. ಇವನದ್ದೇ ಇನ್ನೊಂದು ಕೆಲಸ ಸ್ಕ್ರೂ ತಿರುಗಿಸಿ ಬಾಯಿ ದೊಡ್ಡದು ಚಿಕ್ಕದು ಮಾಡುವ ಸ್ಪ್ಯಾನರ್. ಲಾನ್ ಇಲ್ಲದವರೂ ಅವನಿಗೆ ಋಣಿಗಳು.

ಮುಂದೆ ಮನುಷ್ಯನ ಜಾಗಕ್ಕೆ ಪ್ರಾಣಿ ಬಂತು. ಸ್ಕಾಟ್ಲೆಂಡಿನ ಆರ್ಬ್ರೋತ್‌ನಲ್ಲಿ ಅಲೆಕ್ಸಾಂಡರ್ ಶ್ಯಾಂಕ್ಸ್ 1842ರಲ್ಲಿ ಮಟ್ಟಕುದುರೆ ಎಳೆಯುವ ಮಷಿನ್ ತಂದ. ಲಾನ್ ಮೇಲೆ ಗೊರಸಿನ ಗುರುತು ಬೀಳಬಾರದಲ್ಲ, ಅದಕ್ಕೆ ಕುದುರೆಯ ನಾಲ್ಕೂ ಕಾಲಿಗೆ ಚರ್ಮದ ಬೂಟು ಕಟ್ಟುತ್ತಿದ್ದರು. ಕುದುರೆಗೆ ಬೂಟು! ಆ ಕಾಲದ ಎಷ್ಟೋ ಆಳುಮಕ್ಕಳಿಗೆ ಸರಿಯಾದ ಬೂಟು ಇದ್ದಿರಲಿಕ್ಕಿಲ್ಲ.

ಇಲ್ಲೇ ನಾನು ಹೇಳಿದ ಚೈನ್ ಬರುತ್ತದೆ. ಗೇರ್ ಇರುವ ಮಷಿನ್ ಗಡಗಡ ಗಲಾಟೆ. ಲೀಡ್ಸಿನ ಥಾಮಸ್ ಗ್ರೀನ್ 1859ರಲ್ಲಿ ಗೇರು ತೆಗೆದು ಚೈನ್ ಹಾಕಿದ. ಹೆಸರು ಸೈಲೆನ್ಸ್ ಮೆಸ್ಸರ್, ಸದ್ದಿಲ್ಲದೆ ಕೊಯ್ಯುವವನು ಅಂತ. ನಿಜವಾಗಿ ಸದ್ದೇ ಇಲ್ಲ ಅಂತಲ್ಲ, ಆದರೆ ಮೊದಲಿಗಿಂತ ಎಷ್ಟೋ ಕಡಿಮೆ. ಜನ ಇದನ್ನು ಸದ್ದಿನ ವಿಷಯ ಅಂತ ನೋಡಿ ಮುಂದೆ ಹೋಗುತ್ತಾರೆ. ನನಗೆ ಇದು ಇಡೀ ಕಥೆಯ ದೊಡ್ಡ ತಿರುವು ಅನಿಸುತ್ತದೆ. ಗೇರ್ ಹಾಕಬೇಕಾದರೆ ಒಂದು ಇನ್ನೊಂದಕ್ಕೆ ಅಂಟಿಕೊಂಡೇ ಇರಬೇಕು. ಚೈನ್ ಇದ್ದರೆ ಒಂದು ಕಡೆಯ ಶಕ್ತಿಯನ್ನು ದೂರದ ಇನ್ನೊಂದು ಕಡೆಗೆ ಒಯ್ಯಬಹುದು. ಎಂಜಿನನ್ನು ಎಲ್ಲಿ ಬೇಕಾದರೂ ಕೂರಿಸಿ, ಚೈನ್ ಎಳೆದು ಕೆಳಗಿನ ಉರುಳೆಗೆ ಮುಟ್ಟಿಸಬಹುದು. ಎಂಜಿನ್ ಬರುವ ಎಷ್ಟೋ ವರ್ಷ ಮೊದಲೇ ಅದಕ್ಕೆ ದಾರಿ ಮಾಡಿಟ್ಟಿದ್ದಾಯಿತು.

ಆಮೇಲೆ ಉಗಿ. ಇದು ನಮ್ಮವರಿಗೆ ತೀರ ಹತ್ತಿರದ ವಿಷಯ, ಯಾಕೆ ಅಂತ ಹೇಳುತ್ತೇನೆ. ಸೌತ್‌ಪೋರ್ಟಿನಿಂದ ಹೆಚ್ಚು ದೂರ ಇಲ್ಲದ ಲೇಲ್ಯಾಂಡ್ ಊರಿನಲ್ಲಿ ಜೇಮ್ಸ್ ಸಮ್ನರ್ ಅಂತ ಕಮ್ಮಾರ ಮನೆತನದ ಹುಡುಗ. 1893ರಲ್ಲಿ ಉಗಿಯಿಂದ ಓಡುವ ಲಾನ್‌ಮೋವರ್‌ಗೆ ಪೇಟೆಂಟ್ ಪಡೆದ. ಉಗಿ ಅಂದರೆ ಬಾಯ್ಲರ್, ನೀರು, ಬೆಂಕಿ ಎಲ್ಲ ಮಷಿನ್ ಮೇಲೆಯೇ. ಕಾಯಿಸಿ ಉಗಿ ಏಳುವವರೆಗೆ ಕಾಯಬೇಕು. ಭಾರವೋ ಭಾರ. ಕ್ರಿಕೆಟ್ ಮೈದಾನ, ದೊಡ್ಡ ಎಸ್ಟೇಟಿನವರು ಬಿಟ್ಟರೆ ಬೇರೆಯವರಿಗೆ ಅದು ಯಾಕೆ ಬೇಕು? ಹೆಚ್ಚು ದಿನ ನಡೆಯಲಿಲ್ಲ ಆ ವ್ಯಾಪಾರ. ಆದರೆ ಅದೇ ಸಮ್ನರ್, ಸ್ಪರಿಯರ್ ಮನೆತನದ ಜೊತೆ ಸೇರಿ 1896ರಲ್ಲಿ ಲಂಕಾಶೈರ್ ಸ್ಟೀಮ್ ಮೋಟಾರ್ ಕಂಪನಿ ಕಟ್ಟಿದ. ಮೊದಲು ಒಂದೂವರೆ ಟನ್ನಿನ ಉಗಿ ವ್ಯಾನ್. 1907ರಲ್ಲಿ ಆ ಕಂಪನಿ ಲೇಲ್ಯಾಂಡ್ ಮೋಟಾರ್ಸ್ ಆಯಿತು. ಇತ್ತ 1948ರಲ್ಲಿ ಮದ್ರಾಸಿನಲ್ಲಿ ಅಶೋಕ್ ಮೋಟಾರ್ಸ್ ಶುರುವಾಯಿತು, ಮೊದಲು ಆಸ್ಟಿನ್ ಕಾರು ಜೋಡಿಸುತ್ತಿತ್ತು. ಲೇಲ್ಯಾಂಡ್ ಕೈ ಸೇರಿಸಿ 1955ರಲ್ಲಿ ಅದು ಅಶೋಕ್ ಲೇಲ್ಯಾಂಡ್ ಆಯಿತು. ನಾವು ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಓಡಿ ಹೋಗಿ ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿದ ಕೆಂಪು ಬಸ್ಸುಗಳ ಮೇಲಿನ ಆ ಹೆಸರು ಬಂದದ್ದು ಉಗಿ ಲಾನ್‌ಮೋವರ್ ಮಾಡಿದವನ ಊರಿನಿಂದ. ಈ ವಿಷಯ ಹೇಳಿದ ಮೇಲೆ ಊರಿನಿಂದ ಬಂದ ನಮ್ಮ ಚಿಕ್ಕಪ್ಪನ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ಟೀ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದವರು, ಆಮೇಲೆ ಕನ್ನಡಕ ತೆಗೆದು ಒರೆಸಿ ಒಂದೊಂದೇ ಬೋರ್ಡ್ ಓದತೊಡಗಿದರು.

ಪೆಟ್ರೋಲ್ ಬಂದದ್ದು 1902ರಲ್ಲಿ. ಇಪ್ಸ್‌ವಿಚ್ಚಿನ ರಾನ್ಸಮ್ಸ್ ಕಂಪನಿ, ನೇಗಿಲು ಮಾಡುವವರು, ಬಡಿಂಗ್‌ನ ಕಾಲದಲ್ಲೇ 1832ರಲ್ಲಿ ಲೈಸೆನ್ಸ್ ತೆಗೆದುಕೊಂಡು ಅವನ ಮಷಿನ್ ತಯಾರಿಸುತ್ತಿದ್ದವರು, ಮೊದಲ ಬಾರಿಗೆ ಪೆಟ್ರೋಲ್ ಎಂಜಿನ್ ಮಷಿನನ್ನು ಮಾರಾಟಕ್ಕೆ ತಂದರು. ಕೂತು ಓಡಿಸುವ ದೊಡ್ಡ ಮಷಿನ್. ಅರಮನೆಯಂಥ ಮನೆ ಇದ್ದವರಿಗೆ, ಆಟದ ಮೈದಾನದವರಿಗೆ. ನಮ್ಮ ನಿಮ್ಮಂಥವರಿಗೆ ಅಲ್ಲ.

ನಮ್ಮಂಥವರಿಗೆ ಅಂತ ಪೂರ್ತಿ ಹೇಳಲಾಗದಿದ್ದರೂ, ಡಾಕ್ಟರ್, ವಕೀಲರ ಮನೆಯ ಹಿತ್ತಲಿಗೆ ಬಂದದ್ದು ಆಟ್ಕೋ. ಮ್ಯೂಸಿಯಂನಲ್ಲಿ ನೀವು ಜಾಸ್ತಿ ಹೊತ್ತು ನಿಲ್ಲಬೇಕಾದದ್ದು ಈ ಹೆಸರಿನ ಮಷಿನ್‌ಗಳ ಮುಂದೆ. ಬರ್ಮಿಂಗ್‌ಹ್ಯಾಮಿನ ಚಾರ್ಲ್ಸ್ ಎಚ್. ಪ್ಯೂ ಅನ್ನುವ ಕಂಪನಿ 1921ರಲ್ಲಿ 22 ಇಂಚಿನ ಮೋಟಾರ್ ಮೋವರ್ ತಂದಿತು. ಕಾಲ ನೋಡಿ. ಮೊದಲ ಮಹಾಯುದ್ಧ ಮುಗಿದಿದೆ. ತೋಟದ ಕೆಲಸದ ಹುಡುಗರಲ್ಲಿ ಎಷ್ಟೋ ಜನ ವಾಪಸ್ ಬರಲಿಲ್ಲ, ಬಂದವರು ಕಾರ್ಖಾನೆ ಸೇರಿದರು. ಕುದುರೆ ಸಾಕುವುದು ದುಬಾರಿ. ಲಾನ್ ಮಾತ್ರ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಆಗ ಬಂದ ಈ ಮಷಿನ್‌ನ ಬೆಲೆ 75 ಪೌಂಡ್. ಮರುವರ್ಷ ಬಂದ ಆಸ್ಟಿನ್ ಸೆವೆನ್ ಕಾರಿನ ಮೊದಲ ಬೆಲೆ 225 ಪೌಂಡ್. ಅಂದರೆ ಒಂದು ಹುಲ್ಲಿನ ಮಷಿನ್‌ಗೆ ಕಾರಿನ ಮೂರನೇ ಒಂದು ಪಾಲು. ಆದರೂ ಮೊದಲ ವರ್ಷವೇ 900 ಮಷಿನ್ ತಯಾರಾದವು.

ಆಟ್ಕೋ ಅಂದರೆ ಏನು? ಅಟ್ಲಾಸ್ ಚೈನ್ ಕಂಪನಿ, ಪ್ಯೂ ಅವರದ್ದೇ. ಸೈಕಲ್, ಮೋಟಾರ್‌ಬೈಕ್ ಕಡೆಯ ಚೈನ್ ಕೆಲಸ ಗೊತ್ತಿದ್ದವರು. ಎಂಜಿನ್ ಅವರದ್ದಲ್ಲ, ಅದು ವುಲ್ವರ್‌ಹ್ಯಾಂಪ್ಟನ್ನಿನ ವಿಲಿಯರ್ಸ್ ಟೂ ಸ್ಟ್ರೋಕ್, ಆ ಕಾಲದ ಸಣ್ಣ ಮೋಟಾರ್‌ಬೈಕುಗಳಿಗೆ ಹಾಕುತ್ತಿದ್ದದ್ದೇ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಜಾತಿ, ಲೂನಾ ಓಡಿಸಿದವರಿಗೆ ವಾಸನೆ ಸಮೇತ ನೆನಪಾಗುತ್ತದೆ. ಬೈಕಿನ ಎಂಜಿನನ್ನು ಹುಲ್ಲಿನ ಮೇಲೆ ನಡಿಗೆಯ ವೇಗಕ್ಕೆ ಇಳಿಸಬೇಕು, ಅದರಿಂದ ರೋಲರ್ ಒಂದು ವೇಗಕ್ಕೆ, ಬ್ಲೇಡಿನ ಉರುಳೆ ಇನ್ನೊಂದು ವೇಗಕ್ಕೆ ತಿರುಗಬೇಕು, ಬೇಕಾದಾಗ ಕ್ಲಚ್ ಹಿಡಿದು ಬಿಡಿಸಬೇಕು. ಇದೆಲ್ಲ ಚೈನ್ ಮತ್ತು ಹಲ್ಲುಚಕ್ರದ ಲೆಕ್ಕ. ಎಂಜಿನ್ ಮಾಡುವವನಿಗಿಂತ ಚೈನ್ ಮಾಡುವವನು ಇಲ್ಲಿ ಗೆದ್ದದ್ದು ಆಶ್ಚರ್ಯವೇ ಅಲ್ಲ. ಹಳೆ ಮಷಿನ್‌ನ ಪಕ್ಕಕ್ಕೆ ಬಂದು, ಕುಕ್ಕರುಗಾಲಿನಲ್ಲಿ ಕೂತು ನೋಡಿ. ಮೇಲಿನ ಎಂಜಿನ್ನಿನಿಂದ ಒಂದು ಚೈನ್ ಇಳಿಯುತ್ತದೆ, ಅಲ್ಲಿಂದ ಮುಂದಿನ ಉರುಳೆಗೆ ಒಂದು, ಹಿಂದಿನ ರೋಲರ್‌ಗೆ ಒಂದು. ಆ ದಾರಿಯನ್ನು ಬೆರಳಿನಲ್ಲಿ ಗಾಳಿಯಲ್ಲೇ ಗುರುತು ಹಾಕಿಕೊಂಡರೆ ಇಡೀ ಮಷಿನ್ ತಲೆಗೆ ಹೋಗುತ್ತದೆ. ಕೆಳಗೆ ಬ್ಲೇಡು ನೋಡಿದರೆ ಬಡಿಂಗ್‌ನದ್ದೇ. ತೊಂಬತ್ತು ವರ್ಷ ಕಳೆದರೂ ಅದು ಬದಲಾಗಿಲ್ಲ.

ಆಟ್ಕೋದವರ ಇನ್ನೊಂದು ಜಾಣತನ ಸರ್ವಿಸ್. ದೇಶದ ತುಂಬ ತಮ್ಮದೇ ಸರ್ವಿಸ್ ಶಾಖೆಗಳನ್ನು ಇಟ್ಟರು. ಚಳಿಗಾಲದಲ್ಲಿ ಮಷಿನ್ ಒಯ್ದು, ಸಾಣೆ ಹಿಡಿದು, ಬೇಸಿಗೆಗೆ ಮನೆಗೆ ತಂದುಕೊಡುವುದು. ಎಂಜಿನ್ ಎಂದರೇನು ಅಂತಲೇ ಗೊತ್ತಿಲ್ಲದ ಜನರಿಗೆ ಎಂಜಿನ್ ಮಾರಬೇಕಾದರೆ ಬೇರೆ ದಾರಿಯೂ ಇರಲಿಲ್ಲ. 1939ರಲ್ಲಿ ಇದೇ ಕಂಪನಿ ಮಕ್ಕಳಿಗೆ ಡ್ರೈವಿಂಗ್ ಕಲಿಸಲು ಅಂತ ಒಂದು ಪುಟ್ಟ ಕಾರು ಮಾಡಿತು, 98 ಸಿಸಿಯ ವಿಲಿಯರ್ಸ್ ಎಂಜಿನ್ ಹಾಕಿ. ಅದೇ ವರ್ಷ ಯುದ್ಧ ಬಂತು, ಕಾರು ಅಲ್ಲಿಗೇ ನಿಂತಿತು.

ಇನ್ನು ಬುಲೆಟ್ ಪ್ರಿಯರಿಗೆ: ರಾಯಲ್ ಎನ್‌ಫೀಲ್ಡ್ ಕೂಡ ಲಾನ್‌ಮೋವರ್ ಮಾಡುತ್ತಿತ್ತು, ರೆಡಿಚ್ಚಿನ ಕಾರ್ಖಾನೆಯ ಕಾಲದಲ್ಲಿ. ಈ ಮ್ಯೂಸಿಯಂ ಹೆಮ್ಮೆಯಿಂದ ಹೇಳಿಕೊಳ್ಳುವ ತಯಾರಕರ ಪಟ್ಟಿಯಲ್ಲಿ ಅದೂ ಇದೆ, ರೋಲ್ಸ್ ರಾಯ್ಸ್ ಹೆಸರೂ ಇದೆ. ಅಗ್ನಿಶಾಮಕ ಗಾಡಿಗಳ ಡೆನ್ನಿಸ್ ಕಂಪನಿ 1920ರ ದಶಕದಲ್ಲಿ ದೊಡ್ಡ ಮೈದಾನಗಳಿಗೆ ಮಷಿನ್ ಮಾಡತೊಡಗಿತು. ಎಂಜಿನ್ ಕೈಯಲ್ಲಿದ್ದವರೆಲ್ಲ ಒಂದಲ್ಲ ಒಂದು ದಿನ ಹುಲ್ಲಿನ ಕಡೆ ನೋಡಿದ್ದಾರೆ.

ಹೊರದೇಶದ ಕಥೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಕಾರಿನ ರಾನ್ಸಮ್ ಓಲ್ಡ್ಸ್‌ನ ಪೇಟೆಂಟಿನ ಮೇಲೆ ಮಿಷಿಗನ್ನಿನ ಲ್ಯಾನ್ಸಿಂಗ್‌ನಲ್ಲಿ 1914ರಲ್ಲೇ ಪೆಟ್ರೋಲ್ ಮೋವರ್ ತಯಾರಾಗುತ್ತಿತ್ತು. 1953ರಲ್ಲಿ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಅಲ್ಯೂಮಿನಿಯಂ ಎಂಜಿನ್ ತಂದ ಮೇಲೆ ಭಾರದ ತಲೆನೋವು ಅರ್ಧ ಕಮ್ಮಿಯಾಯಿತು. ಆದರೆ ನನಗೆ ಇಷ್ಟ ಆಸ್ಟ್ರೇಲಿಯಾದ ಕಥೆ. ಸಿಡ್ನಿಯ ಕಾಂಕರ್ಡ್ ಬಡಾವಣೆಯಲ್ಲಿ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ಅಂತ. ಮಗ ಕಾಲೇಜು ರಜೆಯಲ್ಲಿ ಲಾನ್ ಕತ್ತರಿಸಿ ಕಾಸು ಮಾಡುತ್ತಿದ್ದ, ಅವನಿಗೆ ಅಂತ ಅಪ್ಪ ಮೊದಲು ಉರುಳೆ ಬ್ಲೇಡಿನ ಮಷಿನ್‌ಗೆ ಎಂಜಿನ್ ಹಾಕಿ ಕೊಟ್ಟ. ಅದರ ಚೈನು ಗೇರುಗಳ ರಗಳೆ ಸಾಕಾಗಿರಬೇಕು. 1952ರಲ್ಲಿ ಎಲ್ಲವನ್ನೂ ಬಿಟ್ಟು ವಿಲಿಯರ್ಸ್ ಎಂಜಿನನ್ನು ಮಲಗಿಸಿ, ಅದರ ಶಾಫ್ಟಿಗೇ ಕೆಳಗೆ ಅಡ್ಡ ಬ್ಲೇಡ್ ಸಿಕ್ಕಿಸಿದ, ಫ್ಯಾನಿನ ರೆಕ್ಕೆ ತಿರುಗುವ ಹಾಗೆ. ಚೈನ್ ಇಲ್ಲ, ಗೇರ್ ಇಲ್ಲ, ಕೆಳಗಿನ ಬ್ಲೇಡೂ ಇಲ್ಲ. ಪೆಟ್ರೋಲ್ ಟ್ಯಾಂಕ್‌ಗೆ ಪೀಚ್ ಹಣ್ಣಿನ ಖಾಲಿ ಡಬ್ಬಿ. ತನ್ನ ಹೆಸರನ್ನು ಚೂರು ತಿರುಚಿ ವಿಕ್ಟಾ ಅಂತ ಹೆಸರಿಟ್ಟ. ಆ ಡಬ್ಬಿ ಆಸ್ಟ್ರೇಲಿಯಾದವರಿಗೆ ಎಷ್ಟು ಹೆಮ್ಮೆಯೆಂದರೆ 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಲಾನ್‌ಮೋವರ್‌ಗಳನ್ನು ಕುಣಿಸಿದರು.

ಇದಕ್ಕೂ ಮೊದಲೇ, 1933ರಲ್ಲಿ, ಇಂಗ್ಲೆಂಡಿನಲ್ಲೇ ರೋಟೋಸೈತ್ ಅಂತ ಅಡ್ಡ ತಿರುಗುವ ಬ್ಲೇಡಿನ ಮಷಿನ್ ಬಂದಿತ್ತು. ಆದರೂ ಇಂಗ್ಲಿಷರಿಗೆ ಉರುಳೆಯ ಮೇಲಿನ ಮೋಹ ಹೋಗಲಿಲ್ಲ. ಅದಕ್ಕೆ ಕಾರಣ ಇದೆ. ಅಡ್ಡ ಬ್ಲೇಡು ಹುಲ್ಲನ್ನು ಹೊಡೆದು ಹರಿಯುತ್ತದೆ, ಉರುಳೆ ಕತ್ತರಿಸುತ್ತದೆ. ಕತ್ತರಿಸಿದ ಮೇಲೆ ಹಿಂದಿನ ರೋಲರ್ ಹುಲ್ಲನ್ನು ಒಂದು ಕಡೆ ಬಾಗಿಸಿ ಕೂರಿಸುತ್ತದೆ, ಅದರಿಂದಲೇ ಟಿವಿಯಲ್ಲಿ ಕ್ರಿಕೆಟ್ ಮೈದಾನದ ಮೇಲೆ ಕಾಣುವ ತಿಳಿ ಪಟ್ಟೆ, ದಟ್ಟ ಪಟ್ಟೆ. ಎರಡು ಬಣ್ಣದ ಹುಲ್ಲು ಅಲ್ಲ ಅದು. ಪಟ್ಟೆ ಇಲ್ಲದ ಲಾನ್ ಇಲ್ಲಿನ ಹಳಬರಿಗೆ ಕುಂಕುಮ ಇಲ್ಲದ ಹಣೆ. ಹೀಗಾಗಿ 1960ರ ದಶಕದಲ್ಲಿ ಸ್ವೀಡನ್ನಿನ ಕಾರ್ಲ್ ಡಾಲ್‌ಮನ್ ಹೋವರ್‌ಕ್ರಾಫ್ಟ್ ನೋಡಿ ಗಾಳಿಯ ಮೇಲೆ ತೇಲುವ ಫ್ಲೈಮೋ ತಂದಾಗ, ಉರುಳೆ ಮಷಿನ್ ಮಾಡುವ ಕ್ವಾಲ್‌ಕಾಸ್ಟ್‌ನವರು ಮುಂದೆ ತೇಲುವ ಮಷಿನ್ನಿಗಿಂತ ನಮ್ಮದು ಕಡಿಮೆ ರಗಳೆ ಅಂತ ಪ್ರಾಸ ಕಟ್ಟಿ ಟಿವಿಯಲ್ಲಿ ಜಾಹೀರಾತು ಹಾಕಿದರು. ಎರಡು ಕಂಪನಿಗಳ ಜಗಳ ಇಲ್ಲಿನ ಐವತ್ತು ದಾಟಿದ ಯಾರಿಗಾದರೂ ಬಾಯಿಪಾಠ. ಆಫೀಸಿನಲ್ಲಿ ಸುಮ್ನೆ ಕೇಳಿ ನೋಡಿ.

ಅಂದಹಾಗೆ ಕ್ವಾಲ್‌ಕಾಸ್ಟ್‌ನವರ ಕಾಂಕಾರ್ಡ್ ಅನ್ನುವ ಮಷಿನ್ ನನ್ನ ಪ್ರಕಾರ ತಳ್ಳುವ ಮಷಿನ್‌ಗೆ ಮೋಟಾರ್ ಹಾಕುವ ಕೆಲಸದ ಅತಿ ಸರಳ ಉತ್ತರ. ನೋಡಲು ಹೆಚ್ಚು ಕಮ್ಮಿ ತಳ್ಳುವ ಮಷಿನ್ನೇ. ಮೇಲೆ ಒಂದು ಪುಟ್ಟ ಕರೆಂಟ್ ಮೋಟಾರ್, ವೈರ್ ಮನೆಯ ಪ್ಲಗ್ಗಿಗೆ. ಕರೆಂಟ್ ಮೋಟಾರಿಗೆ ಎಂಜಿನ್ನಿನ ಹಾಗೆ ಸುಮ್ಮನೆ ಓಡುತ್ತಾ ಕಾಯುವ ಹಟ ಇಲ್ಲ. ಸ್ವಿಚ್ ಬಿಟ್ಟರೆ ನಿಲ್ಲುತ್ತದೆ, ಒತ್ತಿದರೆ ಹೊರಡುತ್ತದೆ. ಕ್ಲಚ್ಚಿನ ತಲೆನೋವೇ ಇಲ್ಲ. ನಮ್ಮಲ್ಲೂ ಹೋಟೆಲ್ಲು, ಛತ್ರದ ಲಾನ್‌ಗಳಲ್ಲಿ ನೋಡಿರುತ್ತೀರಿ. ಎರಕದ ಕಬ್ಬಿಣದ ಹಳೆ ಮಾದರಿಯ ಮಷಿನ್, ಅದರ ಬೆನ್ನ ಮೇಲೆ ಒಂದು ಮೋಟಾರ್, ಬೆಲ್ಟು, ಹಿಂದೆ ಉದ್ದ ವೈರು ಹಿಡಿದುಕೊಂಡು ಓಡುವ ಇನ್ನೊಬ್ಬ. ಮುಂದೆ ಹಗ್ಗ ಎಳೆಯುತ್ತಿದ್ದವನಿಗೆ ಹಿಂದೆ ವೈರು ಹಿಡಿಯುವ ಕೆಲಸ ಸಿಕ್ಕಿತು ಅಷ್ಟೇ. ವೈರನ್ನೇ ಕತ್ತರಿಸಿಬಿಡುವ ಭಯ ಎರಡೂ ದೇಶದಲ್ಲಿ ಒಂದೇ.

ಮ್ಯೂಸಿಯಂನಲ್ಲಿ ನನಗೆ ಅಷ್ಟು ಹಿಡಿಸದೇ ಇದ್ದದ್ದು ಸೆಲೆಬ್ರಿಟಿಗಳ ಮಷಿನ್ ವಿಭಾಗ. ರಾಜ ಚಾರ್ಲ್ಸ್ ಮತ್ತು ಡಯಾನಾರದ್ದು, ಕ್ವೀನ್ ತಂಡದ ಗಿಟಾರಿಸ್ಟ್ ಬ್ರಿಯಾನ್ ಮೇ ಅವರದ್ದು, ಹೀಗೆ. ಜನ ಫೋಟೋ ತೆಗೆಯುವುದು ಅಲ್ಲೇ. ಅದು ರುಚಿಯ ಪ್ರಶ್ನೆ. ಯಾರ ಮನೆಯ ಹುಲ್ಲು ಕತ್ತರಿಸಿತು ಅನ್ನುವುದಕ್ಕಿಂತ ಹೇಗೆ ಕತ್ತರಿಸಿತು ಅನ್ನುವುದು ನನಗೆ ಮುಖ್ಯ. ಅದೇ ಹೊತ್ತಿಗೆ ಸೋಲಾರ್ ರೋಬೋಟ್ ಮೋವರ್ ಮುಂದೆ ಯಾರೂ ಇರಲಿಲ್ಲ. 1990ರ ದಶಕದ್ದು ಅದು, ಬೆನ್ನ ಮೇಲೆ ಸೋಲಾರ್ ಹಲಗೆ ಹೊತ್ತು ತನ್ನ ಪಾಡಿಗೆ ಮೇಯುವಂಥದ್ದು. ಕುರಿಯಿಂದ ಶುರುವಾಗಿ ಮತ್ತೆ ಕುರಿಯ ಹತ್ತಿರವೇ ಬಂದು ನಿಂತಿದ್ದಾರೆ ಅಂತ ಚಿಕ್ಕಪ್ಪ ಅಂದರು. ಒಪ್ಪಿಕೊಂಡೆ.

ಇನ್ನು ಯಾರು ಹೋಗಬೇಕು, ಯಾರು ಬೇಡ. ಸಣ್ಣ ಮಕ್ಕಳಿಗೆ ಅಲ್ಲ. ಮುಟ್ಟಿ ಆಡುವ ಜಾಗ ಇದಲ್ಲ, ಸುತ್ತ ಬ್ಲೇಡುಗಳು. ಸೌತ್‌ಪೋರ್ಟಿಗೆ ಸಮುದ್ರ ನೋಡಲು ಹೋಗಿ ಮಳೆ ಬಂತು ಅಂತ ಒಳಗೆ ನುಗ್ಗುವವರು ನಗುನಗುತ್ತಾ ಒಂದು ಸುತ್ತು ಹಾಕಿ ಬರಬಹುದು. ಅಂದಹಾಗೆ ಅಲ್ಲಿ ಸಮುದ್ರ ನೀರು ಇಳಿದಾಗ ಎಲ್ಲೋ ದೂರದಲ್ಲಿರುತ್ತದೆ, ಬರೀ ಮರಳು ನೋಡಿ ವಾಪಸ್ ಬರಬೇಕಾದೀತು. ಆದರೆ ಮೆಕ್ಯಾನಿಕ್ ಮನಸ್ಸಿನವರು, ಹಳೆ ಬೈಕಿನ ಹುಚ್ಚಿರುವವರು, ಮೆಕ್ಯಾನಿಕಲ್ ಓದುತ್ತಿರುವ ಹುಡುಗ ಹುಡುಗಿಯರು ಒಂದೂವರೆ ಎರಡು ಗಂಟೆ ಆರಾಮವಾಗಿ ಕಳೆಯಬಹುದು. ಮಂಡಿ ನೋವಿದ್ದವರು ಮೆಟ್ಟಿಲು ಇದೆ ಅನ್ನುವುದನ್ನು ಮರೆಯಬೇಡಿ.

ಲಿವರ್‌ಪೂಲಿನಿಂದ ಮರ್ಸಿರೈಲ್ ನೇರ ಸೌತ್‌ಪೋರ್ಟಿಗೆ ಬರುತ್ತದೆ, ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಮ್ಯಾಂಚೆಸ್ಟರಿನಿಂದಲೂ ರೈಲಿದೆ. ಪ್ರೆಸ್ಟನ್ ಕಡೆಯ ನಮಗೆ ಮಾತ್ರ ಬಸ್ಸೇ ಗತಿ, ನೇರ ರೈಲು ಮಾರ್ಗವನ್ನು 1964ರಲ್ಲೇ ಮುಚ್ಚಿಬಿಟ್ಟರು. ಕಾರಿನಲ್ಲಿ ಹೋಗುವವರು ದಾರಿಯಲ್ಲಿ ಲೇಲ್ಯಾಂಡ್ ಊರಿನ ಲಾರಿ ಬಸ್ಸುಗಳ ಮ್ಯೂಸಿಯಂ ಕೂಡ ಅದೇ ದಿನ ಸೇರಿಸಿಕೊಳ್ಳಿ. ಸಮ್ನರ್‌ನ ಕಥೆಯ ಇನ್ನರ್ಧ ಅಲ್ಲಿದೆ. ಬೆಳಿಗ್ಗೆ ಹುಲ್ಲು, ಮಧ್ಯಾಹ್ನ ಲಾರಿ. ಈ ಕ್ರಮದಲ್ಲೇ ನೋಡಿದರೆ ಚೆನ್ನ. ಎರಡೂ ಕಡೆ ಬಾಗಿಲು ತೆರೆದಿರುವ ದಿನ ಯಾವುದು ಅಂತ ಮೊದಲೇ ನೋಡಿಕೊಂಡು ಹೊರಡಿ. ಊಟ ಕಟ್ಟಿಕೊಂಡು ಹೋದರೆ ಒಳ್ಳೆಯದು, ಚಿತ್ರಾನ್ನ ಸಾಕು.

ನನ್ನ ಅಂಕ ಐದಕ್ಕೆ ನಾಲ್ಕು. ಆ ಒಂದು ಅಂಕ ಯಾಕೆ ಕಮ್ಮಿ ಅಂದರೆ, ಒಂದೇ ಒಂದು ಮಷಿನ್‌ನ ಪಕ್ಕದ ಕವರ್ ತೆಗೆದು, ಚೈನು ಉರುಳೆ ನಿಧಾನವಾಗಿ ತಿರುಗುವುದನ್ನು ಎಲ್ಲರೂ ನೋಡುವ ಹಾಗೆ ಇಟ್ಟರೆ ಎಷ್ಟು ಚೆನ್ನ ಅಂತ ನನ್ನ ಆಸೆ. ಆಸೆ ಅಷ್ಟೇ, ದೂರಲ್ಲ.

ಕೊನೆಗೆ ಅಂಗಡಿಯ ವಿಷಯ. ನಿಮ್ಮ ಮನೆಯ ಶೆಡ್ಡಿನಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ಹಳೆ ಉರುಳೆ ಮಷಿನ್ ಬಿದ್ದಿದ್ದರೆ ಎಸೆಯಬೇಡಿ. ಅದರ ಮೇಲಿನ ಹೆಸರಿನ ಫಲಕ, ಪಕ್ಕದ ಚೈನು, ಕೆಳಗಿನ ಬ್ಲೇಡು, ಈ ಮೂರರ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ಕೌಂಟರಿನಲ್ಲಿ ತೋರಿಸಿ. ಹಳೆ ಮಷಿನ್‌ಗಳ ಬಿಡಿಭಾಗ, ಸಾಣೆ ಕೆಲಸ ಇವರ ಕುಲಕಸುಬು. ಸಾಣೆಗೆ ಕೊಡುವುದಿದ್ದರೆ ಚಳಿಗಾಲದಲ್ಲೇ ಕೊಟ್ಟುಬಿಡಿ. ಏಪ್ರಿಲ್ ಬಿಸಿಲು ಬಿದ್ದ ಕೂಡಲೇ ಈ ದೇಶದ ಜನಕ್ಕೆಲ್ಲ ಒಂದೇ ದಿನ ಲಾನ್ ನೆನಪಾಗುತ್ತದೆ.